ಗೆಳೆಯನಿಗೊಂದು ಪತ್ರ: ಬಾಂಡ್ಸ್ ಇರಲಿ, ಲೂ ವಿಟೇಕರ್ ವಿಷಯ ಹೇಳು

ಪ್ರೀತಿಯ ಗೆಳೆಯಾ,

ನಿನ್ನ ಉದ್ದನೆಯ ವಾದ ಓದಿದೆ. ಬ್ಯಾರಿ ಬಾಂಡ್ಸ್ 762 ಹೋಮ್ ರನ್ (ನಮ್ಮ ಸಿಕ್ಸರ್ ಥರದ ಹೊಡೆತ) ಹೊಡೆದವನು, ಏಳು ಸಲ ಎಂವಿಪಿ, ಅಂದರೆ ವರ್ಷದ ಅತ್ಯಮೂಲ್ಯ ಆಟಗಾರ ಆದವನು, ಅವನಿಲ್ಲದ ಮೇಲೆ ಕೂಪರ್ಸ್‌ಟೌನ್‌ನಲ್ಲಿ ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್ ಯಾಕೆ ಬೇಕು ಅಂತ ಕೇಳಿದ್ದೀಯ. ಅವನ ಜೈಂಟ್ಸ್ ತಂಡದ ಊರು ಸ್ಯಾನ್ ಫ್ರಾನ್ಸಿಸ್ಕೋ ನೀರು ಕುಡಿದವನು ಇನ್ನೇನು ಹೇಳಿಯಾನು! ನಾನು ಅಡ್ಡ ಬರೋದಿಲ್ಲ ಮಾರಾಯ. ಆದರೆ ಅವನ ಅಹವಾಲು ಎಲ್ಲರೂ ಕೇಳಿಯಾಗಿದೆ. ಹತ್ತು ವರ್ಷ ಬ್ಯಾಲೆಟ್‌ನಲ್ಲಿದ್ದ, ಅಂದರೆ ಕ್ರೀಡಾ ಪತ್ರಕರ್ತರು ಮತ ಹಾಕೋ ಪಟ್ಟಿಯಲ್ಲಿ. 2022ರ ಕೊನೇ ಸಲಕ್ಕೆ ಬಂದದ್ದು ಶೇ 66, ಬೇಕಿದ್ದದ್ದು ಶೇ 75. ಅವನು ಸ್ಟೀರಾಯ್ಡ್ ಮದ್ದು ತಗೊಂಡ ಅನ್ನೋ ಆರೋಪದ ವಿಷಯದಲ್ಲಿ ಬಾಯಿ ಬಿಡದ ಕ್ರೀಡಾ ಪತ್ರಕರ್ತನೇ ಇಲ್ಲ. ಸೋತರೂ ವಿಚಾರಣೆ ನಡೆದು ಸೋತ.

ನನ್ನ ಹೊಟ್ಟೆ ಉರಿಯೋದು ನಮ್ಮ ಡೆಟ್ರಾಯಿಟ್ ಟೈಗರ್ಸ್ ತಂಡದ ಎರಡನೇ ಬೇಸ್ ಕಾಯುತ್ತಿದ್ದ ಲೂ ವಿಟೇಕರ್‌ಗಾಗಿ. ಅವನಿಗೆ ವಿಚಾರಣೆಯೇ ನಡೀಲಿಲ್ಲ. 2001ರಲ್ಲಿ ಮೊದಲ ಸಲ ಹೆಸರು ಬಂತು. 515 ಮತಪತ್ರಗಳಲ್ಲಿ ಸಿಕ್ಕಿದ್ದು ಬರೀ 15. ಶೇ 5 ದಾಟದಿದ್ದರೆ ಹೆಸರು ತೆಗೀತಾರಲ್ಲ, ಹಾಗಾಗಿ ಅಲ್ಲಿಗೇ ಮುಗೀತು.

ಅವನು ಮತ್ತು ಅಲನ್ ಟ್ರಾಮೆಲ್ ಇಬ್ಬರೂ ಟೈಗರ್ಸ್‌ಗೆ ಕಾಲಿಟ್ಟಿದ್ದು ಒಂದೇ ದಿನ, 1977ರ ಸೆಪ್ಟೆಂಬರ್ 9, ಬಾಸ್ಟನ್‌ನ ಫೆನ್ವೇ ಪಾರ್ಕ್‌ನಲ್ಲಿ. 1995ರವರೆಗೂ ಜೋಡಿ ಮುರೀಲಿಲ್ಲ. ಚೆಂಡು ಶಾರ್ಟ್‌ಸ್ಟಾಪ್ ಟ್ರಾಮೆಲ್ ಕೈಗೆ ಬಂದರೆ ಸಾಕು, ಅಷ್ಟರಲ್ಲಿ ಲೂ ಎರಡನೇ ಬೇಸ್ ತಲುಪಿರುತ್ತಿದ್ದ. ಹಿಡಿದು, ಬೇಸ್ ಮುಟ್ಟಿ, ಮೇಲೆರಗೋ ಓಟಗಾರನನ್ನು ತಪ್ಪಿಸಿ, ಮೊದಲ ಬೇಸ್‌ಗೆ ಎಸೆತ. ಇಬ್ಬರು ಔಟ್. ಇಂಥ ಜೋಡಿಯಲ್ಲಿ ಟ್ರಾಮೆಲ್, ಪತ್ರಕರ್ತರ ಮತದಲ್ಲಿ ಗೆಲ್ಲದವರನ್ನು ಮತ್ತೆ ಪರಿಶೀಲಿಸೋ ಸಮಿತಿಯ ಮೂಲಕ 2018ರಲ್ಲಿ ಒಳಗೆ ಹೋದ. ಇನ್ನೊಬ್ಬ ಬಾಗಿಲಾಚೆ. ಎತ್ತಿನ ಜೋಡಿಯಲ್ಲಿ ಒಂದಕ್ಕೆ ಮಾತ್ರ ಹೂಮಾಲೆ ಹಾಕಿದ ಹಾಗೆ.

ರೈನ್ ಸ್ಯಾಂಡ್‌ಬರ್ಗ್ 2005ರಲ್ಲಿ ಆಯ್ಕೆಯಾದ, ಅವನೂ ಎರಡನೇ ಬೇಸ್‌ನವನೇ. ಅವನ ಹಿಟ್ 2,386, ಲೂದು 2,369. ಪಿಚರ್ (ಚೆಂಡು ಎಸೆಯೋನು) ಸರಿಯಾಗಿ ಎಸೆಯದೆ ಮೊದಲ ಬೇಸ್ ಬಿಟ್ಟುಕೊಟ್ಟ ವಾಕ್‌ಗಳು ಸ್ಯಾಂಡ್‌ಬರ್ಗ್‌ಗೆ 761, ಲೂಗೆ 1,197! ಬೇಸ್ ತಲುಪಿದರೆ ತಲುಪಿದ್ದೇ ಅಲ್ವಾ? ಆದರೆ ಆಗಿನ ಮತದಾರರು ವಾಕ್ ಅಂದರೆ ಪುಕ್ಕಟೆ ಅನ್ಕೊಂಡಿದ್ರು. ಸ್ಯಾಂಡ್‌ಬರ್ಗ್‌ಗೆ ಫೀಲ್ಡಿಂಗ್‌ಗೆ ಕೊಡೋ ಗೋಲ್ಡ್ ಗ್ಲವ್ ಪ್ರಶಸ್ತಿ ಒಂಬತ್ತು, ಒಂದು ಎಂವಿಪಿ, ಅದೂ ಕಡಿಮೆ ಪಂದ್ಯಗಳಲ್ಲಿ. ಒಪ್ಪಿದೆ. ಅವನು ಸ್ವಲ್ಪ ಮೇಲೆಯೇ ಇರಲಿ. ಆದರೆ ಸ್ವಲ್ಪ ಕೆಳಗಿರೋದಕ್ಕೂ ಮೊದಲ ವರ್ಷವೇ ಬ್ಯಾಲೆಟ್‌ನಿಂದ ಆಚೆ ಬೀಳೋದಕ್ಕೂ ವ್ಯತ್ಯಾಸ ಇಲ್ವಾ? ಲೂಗೆ ಪತ್ರಕರ್ತರ ಜೊತೆ ಹರಟೋ ಅಭ್ಯಾಸ ಕಮ್ಮಿ, ಮತ ಹಾಕೋರು ಅವರೇ. ಇದೂ ಕೆಲಸ ಮಾಡಿತು ಅನ್ನೋದು ನನ್ನ ಗುಮಾನಿ.

ಒಂದು ತಮಾಷೆ ಕೇಳು. 1985ರ ಆಲ್-ಸ್ಟಾರ್ (ಆಯ್ದ ತಾರೆಯರ) ಪಂದ್ಯಕ್ಕೆ ಮಿನಿಯಾಪೊಲಿಸ್‌ಗೆ ಹೋದ ಲೂ ಯೂನಿಫಾರ್ಮನ್ನೇ ಮರೆತುಬಿಟ್ಟಿದ್ದ. ಅಭಿಮಾನಿಗಳಿಗೆ ಮಾರೋ ಜರ್ಸಿಯೊಂದನ್ನು ತಂದು, ಬೆನ್ನ ಮೇಲೆ ಮಾರ್ಕರ್‌ನಲ್ಲಿ 1 ಅಂತ ಗೀಚಿಕೊಂಡು ಆಡಿದ. ಆ ಜರ್ಸಿ ಸ್ಮಿತ್ಸೋನಿಯನ್ ಮ್ಯೂಸಿಯಂ ಸೇರಿತು. ಅಂಗಿಗೆ ಸಿಕ್ಕ ಮರ್ಯಾದೆ ಆಳಿಗೆ ಸಿಗಲಿಲ್ಲ.

2019ರ ಡಿಸೆಂಬರ್‌ನಲ್ಲಿ ಸಮಿತಿಯ ಮುಂದೆ ಬಂದಾಗ 16ರಲ್ಲಿ 6 ಮತ, ಬೇಕಿದ್ದದ್ದು 12. ಆಮೇಲೆ 2022ರಲ್ಲೂ 2025ರಲ್ಲೂ ಎಂಟು ಹೆಸರಿನ ಪಟ್ಟಿಯಲ್ಲೇ ಅವನಿಲ್ಲ. 2025ರಲ್ಲಿ ಗೆದ್ದವನು ಯಾರು? ನಿನ್ನ ಜೈಂಟ್ಸ್‌ನ ಜೆಫ್ ಕೆಂಟ್, ಅವನೂ ಎರಡನೇ ಬೇಸ್! 377 ಹೋಮ್ ರನ್ ಅಂತ ನೀನು ಶುರು ಮಾಡ್ತೀಯ, ಗೊತ್ತು. ಲೂ ಹೊಡೆದದ್ದು 244. ಆದರೆ ಫೀಲ್ಡಿಂಗ್‌ನಲ್ಲಿ ಕೆಂಟ್‌ನನ್ನು ಲೂ ಪಕ್ಕಕ್ಕೆ ನಿಲ್ಲಿಸೋ ಧೈರ್ಯ ನಿನಗಿದೆಯಾ?

ಮತಪತ್ರದಲ್ಲಿ ಹತ್ತು ಹೆಸರಿಗೆ ಜಾಗ. ನಿನ್ನ ಹತ್ತು ಬರೆದು ಕಳಿಸು. ಬಾಂಡ್ಸ್‌ನನ್ನು ಬೇಕಾದರೆ ಮೊದಲೇ ಬರಿ. ಲೂನನ್ನು ಬಿಟ್ಟರೆ ಮಾತ್ರ ಕಾರಣ ಸಮೇತ ಬರೀಬೇಕು.

ಇಂತಿ ನಿನ್ನ,
ಡೆಟ್ರಾಯಿಟ್‌ನ ಗೆಳೆಯ