ಮನೆಯಲ್ಲಿ ಓದುವ ಮಕ್ಕಳ ಪೇಪರ್ ತಿದ್ದುವವರು ಯಾರು?

ಮಾನ್ಯ ಸಂಪಾದಕರೇ,

ನನ್ನ ಮಗಳಿಗೆ ಹತ್ತು ವರ್ಷ. ಶಾಲೆಗೆ ಕಳಿಸುತ್ತಿಲ್ಲ, ಮನೆಯಲ್ಲೇ ಓದಿಸುತ್ತೇನೆ. ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಗೆ ಹೋದರೆ ಮೊದಲ ಪ್ರಶ್ನೆ, "ಯಾವ ಕ್ಲಾಸು?" ಎರಡನೆಯದು, "ಹಾಗಾದ್ರೆ ಮಾರ್ಕು ಕೊಡುವುದು ಯಾರು?" ಮೊದಲನೆಯದಕ್ಕೆ ನಕ್ಕು ಸುಮ್ಮನಾಗಬಹುದು. ಎರಡನೆಯ ಪ್ರಶ್ನೆ ನನಗೂ ಉಂಟು.

ಮೊದಲ ವರ್ಷ ನಾನೇ ಕೆಂಪು ಪೆನ್ನು ಹಿಡಿದೆ. ಇಲ್ಲಿನ ಕೇರಳದ ಶಾಲೆಗಳ ಹಾಗೆ ಎ ಪ್ಲಸ್‌ನಿಂದ ಇ ತನಕ ಗ್ರೇಡು. ಎರಡೇ ತಿಂಗಳಲ್ಲಿ ಮಗಳು ತಪ್ಪಾದ ಲೆಕ್ಕದ ಹಾಳೆಗಳನ್ನು ಹರಿದು ಹಾಸಿಗೆಯಡಿ ಅಡಗಿಸತೊಡಗಿದಳು. ಪೆನ್ನು ಕೆಳಗಿಟ್ಟೆ. ಈಗ ತಾರೀಖು ಹಾಕಿ ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ, ಅಷ್ಟೇ.

ಕಳೆದ ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವಾಗ ಮಾವ ಅವಳಿಗೆ ಲೆಕ್ಕ ಕೊಟ್ಟರು. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಇಪ್ಪತ್ತೈದು ಲೀಟರಿಗೆ ಎಷ್ಟು? ಇನ್ನೂರೈವತ್ತು ಗ್ರಾಂ ಅಂದಳು. ಸರಿಯೇ. ಮಾವ ಅಷ್ಟೇ ತೂಗಿ ಬೆರೆಸಿ, ಕತ್ತಿಯನ್ನು ಅದರಲ್ಲಿ ಅದ್ದಿ ತೆಗೆದರು. ಅಲಗಿನ ಮೇಲೆ ತಾಮ್ರದ ಕೆಂಪು! ಸುಣ್ಣ ಸಾಲದಿದ್ದರೆ ಹೀಗಾಗುತ್ತದೆ. ಸುಣ್ಣ ಹಳೆಯದು, ಸತ್ವ ಇರಲಿಲ್ಲ. "ನಿನ್ನ ಲೆಕ್ಕ ಸರಿ ಉಂಟು, ಆದರೆ ಕತ್ತಿ ಒಪ್ಪುವುದಿಲ್ಲ ಮಗಾ" ಅಂದರು. ಕೆಂಪು ಹೋಗುವ ತನಕ ಸುಣ್ಣ ಸೇರಿಸಿದ್ದಾಯಿತು. ಎಷ್ಟು ಸೇರಿಸಿದ್ದು ಅಂತ ಬರೆದುಕೊಂಡದ್ದು ಅವಳೇ. ಇದಕ್ಕೆ ನಾನು ಯಾವ ಗ್ರೇಡು ಕೊಡಲಿ?

ಹಾಗಂತ ಎಲ್ಲದಕ್ಕೂ ಕತ್ತಿ ಇಲ್ಲ ನೋಡಿ. ಅವಳು ಕನ್ನಡ ಸರಾಗವಾಗಿ ಓದುತ್ತಾಳೆ. ಬರೆಯುವಾಗ ಮಾತ್ರ 'ಭಾಷೆ' ಹೋಗಿ 'ಬಾಷೆ', 'ಧನ' ಹೋಗಿ 'ದನ'. ಒಂದು ವರ್ಷ ನನಗೆ ಅದು ಕಾಣಲೇ ಇಲ್ಲ. ಟೀಚರಾಗಿರುವ ನಾದಿನಿ ಬಂದು ಪುಸ್ತಕ ತೆರೆದವಳೇ ಹೇಳಿದಳು. ಹೆತ್ತವರ ಕಣ್ಣು ಹೀಗೇ, ಸುಮ್ನೆ ದಾಟಿಹೋಗುತ್ತದೆ.

ಹದಿನಾಲ್ಕು ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೇ ತರಗತಿ ಬರೆಸುವ ಯೋಚನೆ. ವರ್ಷಕ್ಕೆ ಎರಡು ಸಲ ಪರೀಕ್ಷೆ, ಪಾಸಾಗಲು ಶೇಕಡಾ 33 ಅಂಕ. ಅಂಕದ ಹೆದರಿಕೆ ಜಾಸ್ತಿ ಇಲ್ಲ. ಆದರೆ ಗಡಿಯಾರ ನೋಡುತ್ತಾ, ಗುರುತಿಲ್ಲದವರ ನಡುವೆ ಕೂತು ಅವಳು ಈವರೆಗೆ ಒಂದು ಪುಟವನ್ನೂ ಬರೆದವಳಲ್ಲ.

ಅದಕ್ಕೇ ಈ ಪತ್ರ. ನಮ್ಮ ಜಿಲ್ಲೆಯ ಕನ್ನಡ ಶಾಲೆಗಳ ಹೆಡ್‌ಮಾಸ್ಟರುಗಳಲ್ಲಿ ಒಂದು ಕೋರಿಕೆ. ವರ್ಷಕ್ಕೊಮ್ಮೆ, ಪರೀಕ್ಷೆ ಮುಗಿದು ಉಳಿದ ಪ್ರಶ್ನೆಪತ್ರಿಕೆಯಲ್ಲಾದರೂ ಸರಿ, ನಮ್ಮಂಥ ಮಕ್ಕಳನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ ಬರೆಸುವಿರಾ? ರಿಜಿಸ್ಟರಿನಲ್ಲಿ ಹೆಸರು ಬೇಡ, ಮಾರ್ಕ್‌ಲಿಸ್ಟೂ ಬೇಡ. ತಿದ್ದಿದ ಪೇಪರ್ ಕೈಗೆ ಕೊಟ್ಟರೆ ಸಾಕು. ಕೆಂಪು ಪೆನ್ನು ನಿಮ್ಮದಾದರೆ ಅವಳು ಹಾಳೆ ಅಡಗಿಸಲಿಕ್ಕಿಲ್ಲ ಅಂತ ನನ್ನ ಅಂದಾಜು.

ಇಂತಿ,
ಓರ್ವ ತಾಯಿ, ನೀರ್ಚಾಲು