ಶನಿವಾರದ ಆಟಗಳ ಬಗ್ಗೆ ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಕಳೆದ ಪೋಷಕರ ಸಭೆಯಲ್ಲಿ ಒಂದಿಬ್ಬರು ಕೇಳಿದಿರಿ: "ಮಕ್ಕಳು ಶನಿವಾರ ಶಾಲೇಲಿ ಕವಡೆ ಆಡ್ತಾವಂತೆ, ಹೌದಾ ಮೇಡಂ?" ಹೌದು, ಆಡುತ್ತಾರೆ. ಆಡಿಸುತ್ತಿರುವವರು ನಾವೇ. ಸಭೆಯ ಗಲಾಟೆಯಲ್ಲಿ ಪೂರ್ತಿ ಹೇಳಲು ಆಗಲಿಲ್ಲ, ಅದಕ್ಕೇ ಈ ಪತ್ರ.

ವಿಷಯ ಇಷ್ಟು. ಬ್ಯಾಗ್ ಇಲ್ಲದ ಶನಿವಾರಗಳಲ್ಲಿ ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳು ಗುಂಪು ಗುಂಪಾಗಿ ಕೂತು, ಒಂದು ಕಾವ್ಯವನ್ನೋ ಕಾದಂಬರಿಯನ್ನೋ ತಗೊಂಡು, ಅದರಿಂದ ಒಂದು ಬೋರ್ಡ್ ಗೇಮ್ ಮಾಡಬೇಕು. ಮನೆ ಎಷ್ಟು, ಕಾಯಿ ಎಷ್ಟು, ಯಾವ ಗರ ಬಿದ್ದರೆ ಏನಾಗಬೇಕು, ಕೊನೆಗೆ ಯಾರು ಗೆದ್ದ ಹಾಗೆ, ಎಲ್ಲವನ್ನೂ ಅವರೇ ಬರೆಯಬೇಕು. ಕನ್ನಡ ಮೇಷ್ಟ್ರು ಜೊತೆಗೆ ಇರುತ್ತಾರೆ, ಆದರೆ ನಿಯಮ ಹೇಳಿಕೊಡುವುದಿಲ್ಲ.

ಓದು ಬಿಟ್ಟು ಆಟ ಯಾಕೆ ಅಂತ ನಿಮಗೆ ಅನ್ನಿಸುವುದು ಸಹಜ. ಪರೀಕ್ಷೆಗಾದರೆ ಗೈಡಿನಲ್ಲಿರುವ ಸಾರಾಂಶ ಬಾಯಿಪಾಠ ಮಾಡಿ ಪಾಸಾಗಬಹುದು. ಆಟ ಕಟ್ಟಲು ಆ ಸಾರಾಂಶ ಸಾಲುವುದಿಲ್ಲ. ಒಂಬತ್ತನೇ ತರಗತಿಯಲ್ಲಿ ನಡೆದದ್ದನ್ನು ಹೇಳಿದರೆ ನಿಮಗೇ ಗೊತ್ತಾಗುತ್ತದೆ.

ಒಂದು ಗುಂಪು ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ಆರಿಸಿಕೊಂಡಿತು. ಕಥೆ ಎಲ್ಲರಿಗೂ ಗೊತ್ತು, ಸುಲಭ ಅಂದುಕೊಂಡರು. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಯೋಧ್ಯೆಯಿಂದ ಕಾಶಿಯ ಸುಡುಗಾಡಿನವರೆಗೆ ಮನೆಗಳನ್ನು ಬರೆದರು. ದಪ್ಪ ಲಗ್ನಪತ್ರಿಕೆಗಳನ್ನು ಕತ್ತರಿಸಿ ರಾಜ್ಯ, ಬೊಕ್ಕಸ, ಕಿರೀಟ ಅಂತ ಕಾರ್ಡ್ ಮಾಡಿದರು. ಪ್ರತಿಯೊಬ್ಬರೂ ಒಬ್ಬೊಬ್ಬ ಹರಿಶ್ಚಂದ್ರ. ವಿಶ್ವಾಮಿತ್ರನ ಮನೆಗೆ ಬಂದರೆ ಒಂದು ಕಾರ್ಡ್ ಕೊಡಬೇಕು. ಇಲ್ಲವೇ ಒಂದು ಸುಳ್ಳು ಹೇಳಿ ಉಳಿಸಿಕೊಳ್ಳಬಹುದು. ಕೊನೆಗೆ ಯಾರ ಕೈಯಲ್ಲಿ ಕಾರ್ಡ್ ಜಾಸ್ತಿ ಇದೆಯೋ ಅವರು ಗೆದ್ದರು.

ಆಡಿ ನೋಡಿದರೆ ಎಲ್ಲರೂ ಸುಳ್ಳು ಹೇಳಿದರು! ಯಾರೂ ಏನನ್ನೂ ಕಳೆದುಕೊಳ್ಳಲಿಲ್ಲ. ವಿಶ್ವಾಮಿತ್ರ ಬರಿಗೈಯಲ್ಲಿ ಹೋದ. (ಸಾಲದ್ದಕ್ಕೆ, ಹಿಂಬದಿಯ ಗಣಪತಿ ನೋಡಿಯೇ ಯಾರ ಹತ್ತಿರ ಯಾವ ಕಾರ್ಡ್ ಇದೆ ಅಂತ ಪತ್ತೆ ಹಚ್ಚುತ್ತಿದ್ದರು. ಆಮೇಲೆ ಎಲ್ಲದಕ್ಕೂ ಬೈಂಡ್ ಪೇಪರ್ ಅಂಟಿಸಬೇಕಾಯಿತು.) ಆಗ ಒಬ್ಬ ಹುಡುಗಿ, "ಹಿಂಗಾದ್ರೆ ಇದು ಹರಿಶ್ಚಂದ್ರನ ಕಥೆ ಹೆಂಗಾಗುತ್ತೆ ಸಾರ್?" ಅಂದಳು. ಮೇಷ್ಟ್ರು ಉತ್ತರ ಹೇಳಲಿಲ್ಲ, ಪುಸ್ತಕ ಕೊಟ್ಟರು. ರಾಘವಾಂಕನ ಷಟ್ಪದಿ ಹಳೆಯ ಕನ್ನಡ, ಒಂದೊಂದು ಪದ್ಯಕ್ಕೂ ಒದ್ದಾಡಬೇಕು. ಆದರೂ ಯಾರೂ ಹೇಳದೆಯೇ ಮೊದಲಿಂದ ಓದಿದರು. ಕಥೆ ಶುರುವಾಗುವುದೇ ಇಂದ್ರನ ಸಭೆಯಲ್ಲಿ. ಹರಿಶ್ಚಂದ್ರ ಸುಳ್ಳಾಡುವವನಲ್ಲ ಅಂತ ವಸಿಷ್ಠ, ಆಡಿಸಿಯೇ ತೀರುತ್ತೇನೆ ಅಂತ ವಿಶ್ವಾಮಿತ್ರ. ಪಂಥ ಕಟ್ಟಿದವರು ಅವರಿಬ್ಬರು.

ಅಲ್ಲಿಗೆ ಆಟವೇ ಬದಲಾಯಿತು. ಈಗ ಆಡುವವರು ಎರಡು ಪಕ್ಷ, ಒಂದು ವಸಿಷ್ಠನದು, ಇನ್ನೊಂದು ವಿಶ್ವಾಮಿತ್ರನದು. ಹರಿಶ್ಚಂದ್ರ ನಡುವೆ ಇರುವ ಒಂದೇ ಒಂದು ಕಾಯಿ. ಅವನ ಹಿಂದೆ, ವಿಶ್ವಾಮಿತ್ರ ಸಾಲ ವಸೂಲಿಗೆ ಕಳಿಸಿದ ನಕ್ಷತ್ರಿಕನ ಕಾಯಿ, ಹರಿಶ್ಚಂದ್ರ ಎಷ್ಟೇ ಮುಂದೆ ಹೋದರೂ ಎರಡು ಮನೆ ಹಿಂದೆ ಬಂದು ನಿಲ್ಲುತ್ತದೆ. ನಮ್ಮ ಕಡೆ ಸಾಲಗಾರರ ಬೆನ್ನು ಬಿಡದವರಿಗೆ ನಕ್ಷತ್ರಿಕ ಅಂತಾರಲ್ಲ, ಅವನು ಯಾರು ಅಂತ ಎಷ್ಟೋ ಮಕ್ಕಳಿಗೆ ಗೊತ್ತಾಗಿದ್ದೇ ಈ ಆಟದಿಂದ. "ಋಷಿಗಳು ಆಡ್ತಾರೆ, ಅವ್ನು ಬರೀ ಕಾಯಿ. ಪಾಪ, ಅವನನ್ನ ಯಾರೂ ಕೇಳಲೇ ಇಲ್ವಲ್ಲ" ಅಂತ ಒಬ್ಬ ಹುಡುಗ ಹೇಳಿದ. ಇಂಥ ಮಾತು ಉತ್ತರ ಪತ್ರಿಕೆಯಲ್ಲಿ ನನಗೆ ಸಿಕ್ಕಿದ್ದು ಕಡಿಮೆ.

ಎಂಟನೇ ತರಗತಿಯವರು ನಿರೀಕ್ಷೆಯಂತೆ ನಮ್ಮ ಕೋಟೆಗೇ ಹೋದರು. ತ.ರಾ.ಸು. ಅವರ 'ದುರ್ಗಾಸ್ತಮಾನ' ದೊಡ್ಡ ಕಾದಂಬರಿ, ಅವರು ತೀರಿಕೊಂಡ ಮೇಲೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿ. ಈ ವಯಸ್ಸಿಗೆ ಇಡೀ ಪುಸ್ತಕ ಭಾರ, ಆದ್ದರಿಂದ ಮೇಷ್ಟ್ರು ಆಯ್ದ ಭಾಗಗಳನ್ನು ಓದಿ ಹೇಳುತ್ತಿದ್ದಾರೆ. ಬೋರ್ಡ್ ತಾನಾಗಿಯೇ ಸಿಕ್ಕಿತು: ಏಳು ಸುತ್ತು. ಗಲಾಟೆ ಆಗಿದ್ದು ಬೇರೆ ಕಡೆ. ಎಲ್ಲರಿಗೂ ಓಬವ್ವನೇ ಆಗಬೇಕು, ಹೈದರಾಲಿ ಆಗಲು ಒಬ್ಬರೂ ತಯಾರಿಲ್ಲ. ಕೊನೆಗೆ ಚೀಟಿ ಎತ್ತಿದರು. ಇನ್ನೊಂದು ಕಷ್ಟ, 1779ರಲ್ಲಿ ಕೋಟೆ ಹೈದರನ ಕೈ ಸೇರಿದ್ದು ಚರಿತ್ರೆ. ಹಾಗಾದರೆ ಮದಕರಿ ನಾಯಕನ ಕಡೆಯವರು ಗೆಲ್ಲುವುದು ಹೇಗೆ? ಎಷ್ಟು ಸುತ್ತು ಆಟ ತಡೆದು ನಿಲ್ಲಿಸಿದರು ಅನ್ನುವುದರ ಮೇಲೆ ಲೆಕ್ಕ ಅಂತ ಸದ್ಯಕ್ಕೆ ಒಪ್ಪಿದ್ದಾರೆ. ವಾದ ಇನ್ನೂ ಮುಗಿದಿಲ್ಲ.

ಈ ಆಟದ ಎರಡು ನಿಯಮ ನನಗೆ ತುಂಬಾ ಹಿಡಿಸಿತು. ಕೋಟೆಯ ಬಾಗಿಲುಗಳ ದಾರಿ ನೇರ ಇಲ್ಲ, ತಿರುವು ಮುರುವು. ಆನೆ ಓಡಿ ಬಂದು ಗುದ್ದಬಾರದು ಅಂತ ಹಾಗೆ ಕಟ್ಟಿದ್ದು. ಅದಕ್ಕೇ ಮಕ್ಕಳ ಆಟದಲ್ಲಿ ಎಷ್ಟೇ ದೊಡ್ಡ ಗರ ಬಿದ್ದರೂ ಬಾಗಿಲ ಮನೆಯಲ್ಲಿ ಕಾಯಿ ನಿಲ್ಲಲೇಬೇಕು, ಉಳಿದ ಗರ ವ್ಯರ್ಥ. ಓಬವ್ವನ ಕಿಂಡಿಯಲ್ಲಿ ಒಂದು ಸಲಕ್ಕೆ ಒಂದೇ ಕಾಯಿ ತೂರಬಹುದು. ಇದನ್ನು ಹೊಳೆಯಿಸಿಕೊಂಡವರು ಭಾನುವಾರ ಕೋಟೆಗೆ ಹೋಗಿ ಕಿಂಡಿಯ ಮುಂದೆ ನಿಂತು ನೋಡಿ ಬಂದವರೇ.

ಇದೆಲ್ಲ ನಮ್ಮ ತಲೆಯಿಂದ ಬಂದ ಹೊಸ ಐಡಿಯಾ ಏನಲ್ಲ. ಜೂಲ್ಸ್ ವರ್ನ್ ಬರೆದ ಎಂಬತ್ತು ದಿನಗಳ ಭೂ ಪ್ರದಕ್ಷಿಣೆಯ ಕಥೆ ಓದಿ, ನೆಲ್ಲಿ ಬ್ಲೈ ಅನ್ನುವ ಪತ್ರಕರ್ತೆ 72 ದಿನದಲ್ಲಿ ನಿಜವಾಗಿಯೇ ಸುತ್ತಿ ಬಂದರು. 1890ರಲ್ಲಿ ಆ ಪ್ರಯಾಣವೇ ಅಮೆರಿಕದಲ್ಲಿ ಬೋರ್ಡ್ ಗೇಮ್ ಆಯಿತು. ಶೆರ್ಲಾಕ್ ಹೋಮ್ಸ್ ಕಥೆಗಳ ಮೇಲೆ ಮಾಡಿದ ಒಂದು ಪತ್ತೇದಾರಿ ಆಟಕ್ಕೆ 1985ರಲ್ಲಿ ಜರ್ಮನಿಯ ವರ್ಷದ ಆಟ ಅನ್ನುವ ದೊಡ್ಡ ಪ್ರಶಸ್ತಿ ಬಂತು. ನಮ್ಮಲ್ಲೂ ಕಡಿಮೆ ಏನಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಶ್ರೀತತ್ತ್ವನಿಧಿ ಅನ್ನುವ ಗ್ರಂಥದಲ್ಲಿ ಕೌತುಕನಿಧಿ ಅಂತ ಆಟಗಳಿಗೇ ಒಂದು ಭಾಗ ಇದೆ. ದಶಾವತಾರ ಗಂಜೀಫಾ ಅನ್ನುವ ಇಸ್ಪೀಟಿನಂಥ ಆಟದಲ್ಲಿ ಒಂದೊಂದು ಅವತಾರಕ್ಕೆ ಹನ್ನೆರಡರಂತೆ 120 ದುಂಡನೆಯ ಎಲೆಗಳು. ವೈಕುಂಠ ಏಕಾದಶಿಯ ರಾತ್ರಿ ಪರಮಪದ ಸೋಪಾನ ಆಡುವ ಮನೆಗಳೂ ಉಂಟು, ಅದು ಹಾವು ಏಣಿ ಆಟದ ಅಣ್ಣ.

ಇನ್ನು ಜೂಜಿನ ಮಾತು. ಒಬ್ಬ ತಾತ ಶಾಲೆಗೇ ಬಂದು, "ಪಗಡೆಯಿಂದಲೇ ಅಲ್ವೇನಮ್ಮ ಮಹಾಭಾರತ ಆಗಿದ್ದು?" ಅಂತ ಕೇಳಿದರು. ಅವರ ಮಾತು ಸರಿ. ಅದಕ್ಕೇ ನಮ್ಮ ತರಗತಿಯಲ್ಲಿ ಪಣ ಕಟ್ಟುವಂತಿಲ್ಲ. ದುಡ್ಡು ಬಿಡಿ, ಪೆನ್ಸಿಲ್, ಚಾಕ್ಲೇಟ್ ಕೂಡ ಇಲ್ಲ. ಕುಮಾರವ್ಯಾಸನ ಸಭಾಪರ್ವದ ದ್ಯೂತವನ್ನು ಆಟ ಮಾಡುತ್ತೇವೆ ಅಂದ ಗುಂಪಿಗೆ ನಾನು ಒಪ್ಪಿಗೆ ಕೊಟ್ಟಿದ್ದೇನೆ, ಆದರೆ ಒಂದು ಷರತ್ತು ಹಾಕಿ: ಧರ್ಮರಾಯ ಎದ್ದು ಹೋಗಬಹುದಾಗಿದ್ದ ಜಾಗ ಯಾವುದು ಅಂತ ಅವರು ಬೋರ್ಡಿನ ಮೇಲೆ ತೋರಿಸಬೇಕು. ತಾತ ಈಗ ಆ ಗುಂಪಿಗೆ ಪಗಡೆ ಹಾಸಿನ ಲೆಕ್ಕ ಹೇಳಿಕೊಡುತ್ತಿದ್ದಾರೆ.

ನಿಮ್ಮಿಂದ ಆಗಬೇಕಾದ್ದು ಸ್ವಲ್ಪ ಇದೆ. ದಯವಿಟ್ಟು ಆನ್‌ಲೈನ್‌ನಲ್ಲಿ ಆಟದ ಡಬ್ಬಿ ತರಿಸಬೇಡಿ. ಸಾವಿರಾರು ರೂಪಾಯಿ ಬೆಲೆ, ಮತ್ತೆ ಕೊಳ್ಳಲಾಗದ ಮನೆಯ ಮಕ್ಕಳು ಸುಮ್ನೆ ಸಪ್ಪಗಾಗುತ್ತಾರೆ. ಹಳೇ ಕ್ಯಾಲೆಂಡರ್, ಲಗ್ನಪತ್ರಿಕೆ, ರಟ್ಟಿನ ಡಬ್ಬ, ಬಣ್ಣ ಬಣ್ಣದ ಗುಂಡಿ, ಇಷ್ಟು ಸಾಕು. ಕವಡೆ ಇಲ್ಲದಿದ್ದರೆ ಹುಣಸೆ ಬೀಜವನ್ನು ಒರಟು ಕಲ್ಲಿನ ಮೇಲೆ ಒಂದು ಬದಿ ಬೆಳ್ಳಗಾಗುವ ತನಕ ಉಜ್ಜಿ ಕಳಿಸಿ, ನಾಲ್ಕು ಬೀಜಕ್ಕೆ ಒಂದು ಜೊತೆ. ಉಜ್ಜುವ ಕೆಲಸ ಮಕ್ಕಳಿಗೇ ಬಿಡಿ.

ಅದಕ್ಕಿಂತ ಮುಖ್ಯವಾಗಿ ನಮಗೆ ಬೇಕಾದ್ದು ಮನೆಯ ಹಿರಿಯರು. ಚೌಕಾಬಾರ, ಅಳಗುಳಿಮನೆ, ಹುಲಿ ಕುರಿ ಆಟ ಬರುವ ಅಜ್ಜಿ ತಾತಂದಿರು ಇದ್ದರೆ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಕಳಿಸಿಕೊಡಿ. ಕಾಯಿ ಯಾವಾಗ ಹೊಡೆಯಬೇಕು, ಯಾವಾಗ ಹಣ್ಣಾಗುತ್ತದೆ ಅನ್ನುವುದರಲ್ಲಿ ಒಂದೊಂದು ಊರಿಗೆ ಒಂದೊಂದು ರೂಢಿ ಇರುತ್ತದೆ, ಅದು ನಮಗೆ ಬೇಕು. ನೆಲದ ಮೇಲೆ ಕೂರಲು ಆಗದವರಿಗೆ ಕುರ್ಚಿ ಹಾಕಿಸುತ್ತೇವೆ. ಚಹಾ ಶಾಲೆಯದು.

ಹತ್ತನೇ ತರಗತಿಯವರನ್ನು ಈ ವರ್ಷ ಸೇರಿಸಿಕೊಂಡಿಲ್ಲ. ಎಸ್‌ಎಸ್‌ಎಲ್‌ಸಿ ಮುಗಿಯುವ ತನಕ ಅವರ ಅಪ್ಪ ಅಮ್ಮಂದಿರಿಗೆ ನಿದ್ದೆ ಇರುವುದಿಲ್ಲ, ಅದು ನನಗೆ ಗೊತ್ತು. ಆದರೂ ಬಿಡುವಿನಲ್ಲಿ ಬಾಗಿಲ ಹತ್ತಿರ ನಿಂತು ಇಣುಕುವವರಲ್ಲಿ ಅವರೇ ಜಾಸ್ತಿ.

ಸಾಮಾನುಗಳನ್ನು ಶುಕ್ರವಾರದ ಒಳಗೆ ಮಕ್ಕಳ ಕೈಯಲ್ಲಿ ಕಳಿಸಿ. ಚೀಲದ ಮೇಲೆ ಹೆಸರು, ತರಗತಿ ಬರೆದಿರಲಿ. ಏನಾದರೂ ಕೇಳುವುದಿದ್ದರೆ ಸಂಜೆ ನಾಲ್ಕೂವರೆಯ ನಂತರ ನಾನು ಆಫೀಸಿನಲ್ಲೇ ಇರುತ್ತೇನೆ.

ಇಂತಿ,
ಮುಖ್ಯ ಶಿಕ್ಷಕಿ
ಪ್ರೌಢಶಾಲಾ ವಿಭಾಗ, ಚಿತ್ರದುರ್ಗ