ಹುಡುಗಿಯರ ಸೀಟು ಬಂದಾಗ ಮಾತ್ರ ಮೆರಿಟ್ ನೆನಪಾಗುವುದೇಕೆ?

ಸಂಪಾದಕರೇ,

ಐಐಟಿಯಲ್ಲಿ ಹುಡುಗಿಯರಿಗೆ ಸೀಟು ಅಂದ ಕೂಡಲೇ ‘ಮೆರಿಟ್ ಹಾಳಾಯ್ತು’ ಅಂತ ಕೂಗುವವರು ಇನ್ನೂ ಇದ್ದಾರೆ. 2018ರಲ್ಲಿ ಶುರುವಾದ ಈ ಸೀಟುಗಳನ್ನು ಹುಡುಗರಿಂದ ಕಿತ್ತುಕೊಂಡಿಲ್ಲ, ಇದ್ದ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಸೇರಿಸಿದ್ದಾರೆ. ಅದೂ ಜೆಇಇ ಅಡ್ವಾನ್ಸ್ಡ್ ಪಾಸಾದವರಿಗೆ ಮಾತ್ರ. ಅದಕ್ಕೂ ಮೊದಲು ಹತ್ತು ಜನರಲ್ಲಿ ಒಬ್ಬಳು ಹುಡುಗಿ ಇದ್ದರೆ ಹೆಚ್ಚು. ಈಗ ಐದರಲ್ಲಿ ಒಬ್ಬಳು. ಇಷ್ಟಕ್ಕೇ ಈ ಗಲಾಟೆ!

ಇವರೆಲ್ಲ ಜಪಾನಿನ ಟೋಕಿಯೊ ಮೆಡಿಕಲ್ ಯೂನಿವರ್ಸಿಟಿಯ ಕಥೆಯನ್ನು ಒಮ್ಮೆ ಓದಬೇಕು. 2018ರಲ್ಲಿ ಬಯಲಾದದ್ದು. ಅಲ್ಲಿನ ಪ್ರವೇಶ ಪರೀಕ್ಷೆಯಲ್ಲಿ ಪ್ರಬಂಧದ ಅಂಕಗಳನ್ನು ಮೊದಲು ಎಲ್ಲರಿಗೂ 0.8ರಿಂದ ಗುಣಿಸಿ ಇಳಿಸುತ್ತಿದ್ದರು, ಆಮೇಲೆ ಹುಡುಗರಿಗೆ ಮಾತ್ರ 20 ಅಂಕದವರೆಗೆ ವಾಪಸ್ ಕೊಡುತ್ತಿದ್ದರು (ನಾಲ್ಕು ಸಲ ಅಥವಾ ಅದಕ್ಕೂ ಹೆಚ್ಚು ಫೇಲಾದ ಹುಡುಗರಿಗೆ ಇದೂ ಸಿಗುತ್ತಿರಲಿಲ್ಲ), ಹುಡುಗಿಯರಿಗೆ ಸೊನ್ನೆ. ಮದುವೆ, ಮಕ್ಕಳು ಅಂತ ಹೆಂಗಸರು ಕೆಲಸ ಬಿಡುತ್ತಾರೆ, ಆಸ್ಪತ್ರೆಗೆ ಡಾಕ್ಟರ್ ಸಾಲದಾಗುತ್ತಾರೆ ಎನ್ನುವುದು ಅದಕ್ಕೆ ಕಾರಣ. ಪರೀಕ್ಷೆ ಬರೆದ ಹುಡುಗಿಯರಿಗೆ ಇದರ ಸುಳಿವೇ ಇರಲಿಲ್ಲ. ತಾವು ಓದಿದ್ದು ಸಾಲಲಿಲ್ಲ ಅಂತಲೇ ಅವರು ಅಂದುಕೊಂಡಿರಬೇಕು, ಅಲ್ವಾ? ಆಟ ಬಯಲಾದ ಮರುವರ್ಷ ಹುಡುಗಿಯರು ಪಾಸಾದ ಪ್ರಮಾಣ ಹುಡುಗರಿಗಿಂತ ತುಸು ಮೇಲೇ ಇತ್ತು.

ಅಮೆರಿಕದ ಕಥೆ ಉಲ್ಟಾ. ಅಲ್ಲಿ ಡಿಗ್ರಿ ಓದುವವರಲ್ಲಿ ಹುಡುಗಿಯರೇ ಜಾಸ್ತಿ. ಕ್ಯಾಂಪಸ್ಸಿನಲ್ಲಿ ಹುಡುಗರು ತೀರಾ ಕಮ್ಮಿಯಾದರೆ ಅರ್ಜಿಗಳೇ ಬರುವುದಿಲ್ಲ ಅನ್ನೋ ಭಯ ಕಾಲೇಜಿನವರಿಗೆ. ಅದಕ್ಕೇ ಕೆಲವು ಕಾಲೇಜುಗಳು ಹುಡುಗರಿಗೆ ಸೀಟು ಕೊಡುವಾಗ ಕೈ ಸಡಿಲ ಮಾಡುತ್ತವೆ. ಕೆನ್ಯನ್ ಕಾಲೇಜಿನ ಅಡ್ಮಿಷನ್ ಮುಖ್ಯಸ್ಥೆಯೇ 2006ರಲ್ಲಿ ಇದನ್ನು ಪತ್ರಿಕೆಯಲ್ಲಿ ಬರೆದು, ಸೀಟು ಸಿಗದ ಹುಡುಗಿಯರ ಕ್ಷಮೆ ಕೇಳಿದರು. ಕಾನೂನು ಏನು ಮಾಡುತ್ತಿತ್ತು ಅನ್ನುತ್ತೀರಾ? ಶಿಕ್ಷಣದಲ್ಲಿ ಗಂಡು-ಹೆಣ್ಣು ಭೇದ ಮಾಡಬಾರದು ಅನ್ನುವ 1972ರ ಕಾನೂನು ಅಲ್ಲಿದೆ, ಆದರೆ ಖಾಸಗಿ ಕಾಲೇಜುಗಳ ಪದವಿ ಪ್ರವೇಶವನ್ನು ಅದರಿಂದ ಹೊರಗಿಟ್ಟಿದ್ದಾರೆ. ಒಳ್ಳೆ ಕಾನೂನು!

ಹುಡುಗರಿಗೆ ಕೊಟ್ಟ ಈ ರಿಯಾಯಿತಿಗಳನ್ನು ಯಾರೂ ಮೀಸಲಾತಿ ಅನ್ನಲಿಲ್ಲ. ಐಐಟಿಯವರು ಎಷ್ಟು ಸೀಟು, ಯಾರಿಗೆ ಅಂತ ಮೊದಲೇ ಹೇಳಿ ಕೊಡುತ್ತಾರೆ. ಬೈಗುಳ ಮಾತ್ರ ಅವರಿಗೇ. ಬರೀ ಸೀಟು ಹೆಚ್ಚಿಸಿದರೆ ಸಾಕು ಅಂತ ನಾನೂ ಹೇಳುವುದಿಲ್ಲ. ಮಗನನ್ನು ದೂರದ ಊರಿನ ಕೋಚಿಂಗಿಗೆ ಕಳಿಸಿ, ಮಗಳಿಗೆ ‘ಇಲ್ಲೇ ಯಾವುದಾದರೂ ಕಾಲೇಜು ಸೇರು’ ಅನ್ನುವ ಮನೆಗಳಿರುವಾಗ ಅರ್ಧ ಆಟ ಪರೀಕ್ಷೆಗೆ ಮೊದಲೇ ಮುಗಿದಿರುತ್ತದೆ.

ದೊಡ್ಡ ಹೆಸರಿನ ವಿಶ್ವವಿದ್ಯಾಲಯಗಳೆಲ್ಲ ಒಂದು ಕೆಲಸ ಮಾಡಲಿ. ಅರ್ಜಿ ಹಾಕಿದ ಹುಡುಗರೆಷ್ಟು, ಹುಡುಗಿಯರೆಷ್ಟು, ಅವರಲ್ಲಿ ಸೀಟು ಸಿಕ್ಕವರೆಷ್ಟು, ಯಾರಿಗೆ ಎಷ್ಟು ಅಂಕಕ್ಕೆ ಸಿಕ್ಕಿತು ಅಂತ ಪ್ರತಿವರ್ಷ ಪ್ರಕಟಿಸಲಿ. ಮೆರಿಟ್ ಬಗ್ಗೆ ಆಮೇಲೆ ಮಾತಾಡೋಣ.

ಇತಿ,
ನಿಮ್ಮ ಓದುಗ